ಮಹಡಿ ಕೋಣೆಗೆ ಸಿಗ್ನಲ್ ಬಂದದ್ದು

ನಮ್ಮಣ್ಣ ನೀರು ಸರಬರಾಜು ಕಚೇರಿಯಲ್ಲಿ ಮೇಲ್ವಿಚಾರಕ. ಊರಿನ ನಲ್ಲಿಗಳಲ್ಲಿ ನೀರು ಬರುತ್ತದೋ ಇಲ್ಲವೋ ಅದು ಬೇರೆ ಮಾತು, ಅವನ ಬಾಯಲ್ಲಂತೂ ಪ್ರೆಶರ್ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಯಾವುದೇ ವಿಷಯವಿರಲಿ, ಎರಡು ವಿಡಿಯೋ ನೋಡಿದರೆ ಸಾಕು, ಪಂಡಿತನಾಗಿಬಿಡುತ್ತಾನೆ. ಹೀಗೇ ಒಂದು ಭಾನುವಾರ, ಮನೆಗೊಂದು ಸರ್ವರ್ ಇಲ್ಲದೆ ಬದುಕುತ್ತಿರುವುದು ನಾಚಿಕೆಗೇಡು ಎಂದು ಅವನಿಗೆ ಹೊಳೆಯಿತು.

ಕಚೇರಿಯವರು ಹರಾಜಿಗಿಟ್ಟ ಹಳೆಯ ಕಂಪ್ಯೂಟರೊಂದನ್ನು ತಂದು ಮೆಟ್ಟಿಲ ಕೆಳಗೆ, ಪೊರಕೆ ಬಕೆಟ್ಟುಗಳ ಪಕ್ಕ ಕೂರಿಸಿದ. ತನ್ನ ಪಂಪ್‌ಹೌಸ್ ವಿಡಿಯೋಗಳನ್ನೆಲ್ಲ ಅದರೊಳಗೆ ತುಂಬಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನೇಕೆ ಈ ಕಥೆ ಹೇಳುತ್ತಿದ್ದೆ? ಅತ್ತಿಗೆಯ ಅಕ್ಷರಗಳನ್ನೂ ಎತ್ತಿ ಅದಕ್ಕೇ ಹಾಕಿದ.

ಅತ್ತಿಗೆ ಅಕ್ಷರ ಬರೆಯುತ್ತಾರೆ. ಕಾಗದ ಪತ್ರದ ಅಕ್ಷರವಲ್ಲ, ಅಚ್ಚಿನ ಅಕ್ಷರ. ದೃಷ್ಟಿ ಮಂದವಾಗಿರುವ ಮಕ್ಕಳು ಕಷ್ಟಪಡದೆ ಓದುವಂಥ ಅಕ್ಷರಮಾಲೆಯೊಂದನ್ನು ಆರು ವರ್ಷದಿಂದ ತಿದ್ದುತ್ತಿದ್ದರು. ಪ, ಷ, ಫ ಒಂದರಂತೆ ಇನ್ನೊಂದು ಕಾಣಬಾರದು, ದ-ಧ ಬೆರೆಯಬಾರದು, ಒತ್ತಕ್ಷರ ಕೆಳಗೆ ಮುದುಡಿ ಕೂರಬಾರದು. ಒಂದು ಕೊಂಬನ್ನು ಬಾಗಿಸುವುದಕ್ಕೆ ಅವರು ಒಂದು ವಾರ ಕೂತದ್ದನ್ನು ನಾನೇ ನೋಡಿದ್ದೇನೆ. ಕೊನೆಗೂ ಒಬ್ಬ ಪ್ರಕಾಶಕರು ಒಪ್ಪಿದ್ದರು. ಆ ತಿಂಗಳ ಕೊನೆಗೆ ಕೊಟ್ಟರೆ ಮಕ್ಕಳ ಪಾಠಪುಸ್ತಕಗಳೆಲ್ಲ ಅದೇ ಅಕ್ಷರದಲ್ಲಿ, ಕೊಡದಿದ್ದರೆ ಹಳೆಯದರಲ್ಲೇ.

"ನನ್ನ ಕಂಪ್ಯೂಟರಲ್ಲೇ ಇರ್ಲಿ ಬಿಡ್ರೀ" ಎಂದರು ಅತ್ತಿಗೆ.

"ಎಲ್ಲಾ ಒಂದೇ ಟ್ಯಾಂಕಲ್ಲಿರ್ಬೇಕು ಕಣೇ. ಮನೆ ತುಂಬಾ ಕೊಡ ಇಟ್ಕೊಂಡು ಕೂರ್ತಾರಾ ಯಾರಾದ್ರೂ?" ಎಂದ ಅಣ್ಣ. ಅವರ ಕಂಪ್ಯೂಟರಿನಲ್ಲಿದ್ದದ್ದನ್ನು ಖಾಲಿಯೂ ಮಾಡಿದ.

ಈಗ ಟ್ಯಾಂಕು ಕೆಳಗೆ, ಅತ್ತಿಗೆ ಮಹಡಿಯ ಮೂಲೆ ಕೋಣೆಯಲ್ಲಿ, ಆ ಕೋಣೆಗೆ ವೈಫೈ ಇಲ್ಲ. ಒಂದು ಅಕ್ಷರ ತೆರೆಯಬೇಕಾದರೆ ಅವರು ಕಂಪ್ಯೂಟರನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಬಂದು ಕೂರಬೇಕಾಯಿತು. ತಾನೇ ತಂದಿಟ್ಟ ತೊಂದರೆಯನ್ನು ತಾನೇ ಬಗೆಹರಿಸುವ ಅವಕಾಶ ಸಿಕ್ಕಿದಾಗ ನಮ್ಮಣ್ಣನ ಮುಖ ನೋಡಬೇಕು! ಕೊನೇ ನಲ್ಲಿಗೂ ಪ್ರೆಶರ್ ಬರಬೇಕೆಂದು ಒಂದರಿಂದೊಂದಕ್ಕೆ ವೈಫೈ ಸಿಗ್ನಲ್ ದಾಟಿಸುವ ಬಿಳಿ ಡಬ್ಬಿಗಳನ್ನು ತಂದ. ಗೋಡೆಗಳನ್ನು ಕೊರೆದು ಜರಡಿ ಮಾಡಿದ. ಬೀರುವಿನ ಮೇಲೊಂದು, ಚಪ್ಪಲಿ ಗೂಡಿನಲ್ಲೊಂದು, ಮೆಟ್ಟಿಲ ತಿರುವಿನಲ್ಲೊಂದು, ಬಚ್ಚಲ ಕಿಟಕಿಯಲ್ಲೊಂದು. ಬಚ್ಚಲೊಳಗಿಂದ "ಫುಲ್! ಫುಲ್!" ಎಂದು ಕೂಗುತ್ತಿದ್ದ.

"ಫುಲ್ ಬಂದಿದ್ರೆ ಬಾಗ್ಲು ತೆಗೀರಿ, ಸ್ನಾನ ಮಾಡ್ಬೇಕು" ಎಂದು ಹೊರಗಿಂದ ಅತ್ತಿಗೆ.

ಡಬ್ಬಿಗಳು ಬಂದ ಮೇಲೆ ಮನೆಯಲ್ಲಿ ಕೂಗಿ ಕರೆಯುವುದು ನಿಷಿದ್ಧವಾಯಿತು. ಊಟಕ್ಕೆ ಕರೆಯುವುದಿದ್ದರೂ ವೈಫೈ ಮೂಲಕ ಫೋನ್. ಇಷ್ಟು ಖರ್ಚು ಮಾಡಿದ್ದು ಗಂಟಲು ಹರಿದುಕೊಳ್ಳುವುದಕ್ಕಾ ಎಂದು ಅವನ ವಾದ.

ಆಮೇಲೆ ಮನೆಗೆ ಬೆಂಕಿ ಬಿದ್ದರೇನು ಗತಿ ಎಂಬ ಚಿಂತೆ ಹತ್ತಿತು. ಒಂದು ಕಪ್ಪು ಪೆಟ್ಟಿಗೆ ಹೊತ್ತುಕೊಂಡು ಪಕ್ಕದ ಬೀದಿಯ ನಮ್ಮ ಮನೆಗೆ ಬಂದ.

"ಇದರಲ್ಲೇನಣ್ಣಾ?"

"ತದ್ರೂಪ! ನಮ್ಮ ಸರ್ವರ್‌ನಲ್ಲಿ ಏನಿದ್ಯೋ ಇಂಟರ್ನೆಟ್ಟಲ್ಲಿ ಬಂದು ಇದ್ರಲ್ಲೂ ಅದೇ. ಅಲ್ಲೊಂದು ಚುಕ್ಕಿ ಇಟ್ರೆ ಇಲ್ಲೂ ಚುಕ್ಕಿ."

"ಅಲ್ಲಿ ಅಳಿಸಿದ್ರೆ?"

"ಇಲ್ಲೂ ತಕ್ಷಣ ಅಳಿಸಿಹೋಗುತ್ತೆ. ಅದೇ ಕಣೇ ತದ್ರೂಪ ಅಂದ್ರೆ!"

"ಮತ್ತೆ ಇದ್ಯಾಕೆ?"

"ನಿಂಗೆ ಇದೆಲ್ಲ ಅರ್ಥ ಆಗಲ್ಲ ಬಿಡು" ಎಂದ. ಅಳಿಸಿದ್ದು ಕೆಲವು ದಿನ ಉಳಿದಿರುವ ಏರ್ಪಾಡೂ ಅದರಲ್ಲಿತ್ತಂತೆ. ಕಸ ಕೂಡಿಡುವ ಅಭ್ಯಾಸ ತನಗಿಲ್ಲವೆಂದು ಅದನ್ನು ಬಂದ್ ಮಾಡಿದ್ದನಂತೆ. ಈ ಮಾತನ್ನು ಅವನು ಹೆಮ್ಮೆಯಿಂದಲೇ ಹೇಳಿದ್ದು.

ಅದು ಆದದ್ದು ಅತ್ತಿಗೆ ಅಕ್ಷರ ಒಪ್ಪಿಸಬೇಕಾದ ವಾರ. ನಾನು ಅವರ ಅಡುಗೆಮನೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದೆ. ಸರ್ವರ್ ಭರ್ತಿಯಾಗಿದೆ ಎಂದು ಅಣ್ಣನ ಫೋನಿಗೆ ಸುದ್ದಿ ಬಂತು. ಆಗದೆ ಇನ್ನೇನು? ಪ್ರತಿ ಕೋಣೆಯಲ್ಲೂ ನಿಂತು ವೈಫೈ ವೇಗ ಅಳೆದದ್ದನ್ನು ವಿಡಿಯೋ ಮಾಡಿ ತುಂಬಿದ್ದ. ಹಜಾರದಲ್ಲಿ ಓಡಾಡುತ್ತಲೇ ಮಹಡಿಗೆ ಫೋನ್ ಹಚ್ಚಿದ. "ಜಾಗ ಸಾಲ್ತಿಲ್ಲ ಕಣೇ. ನಿನ್ನ ಅಕ್ಷರದ್ದು ಏನ್ಮಾಡ್ಲಿ?"

"ತೆಗೆದು ಬೇರೆ ಕಡೆ ಇಡಿ" ಎಂದರು ಅತ್ತಿಗೆ. ಕಿವಿಗೆ ಏನೂ ಹಚ್ಚಿಕೊಳ್ಳದ ನನಗೆ ಅದು ಮೆಟ್ಟಿಲ ಮೇಲಿಂದ ಸ್ಪಷ್ಟವಾಗಿ ಕೇಳಿಸಿತು. ಅಣ್ಣ ಆ ಹೊತ್ತಿಗೆ ಬೀರುವಿನ ಡಬ್ಬಿಯ ಸರಹದ್ದು ದಾಟಿ ಚಪ್ಪಲಿ ಗೂಡಿನ ಡಬ್ಬಿಯ ಸರಹದ್ದಿಗೆ ಕಾಲಿಟ್ಟಿದ್ದ. ಒಂದು ಡಬ್ಬಿ ಇನ್ನೊಂದಕ್ಕೆ ಮಾತನ್ನು ದಾಟಿಸುವಾಗ ನಡುವಿನದು ಉದುರಿಹೋಯಿತು. ಅವನಿಗೆ ಕೇಳಿಸಿದ್ದು "ತೆಗೆದು ಬ... ಇಡಿ."

ತೆಗೆದುಬಿಡಿ!

"ಆಯ್ತು" ಎಂದ. ತೆಗೆದೇಬಿಟ್ಟ. ಪಂಪ್‌ಹೌಸ್ ವಿಡಿಯೋಗಳೆಲ್ಲ ಹಾಗೇ ಇದ್ದವು.

ಊಟಕ್ಕೆ ಮುಂಚೆ ಅತ್ತಿಗೆ ಕೆಳಗಿಳಿದು ಬಂದರು. "ರೀ, ಎಲ್ಲಿಟ್ಟಿದ್ದೀರಿ?" ಎಂದರು. ಅಣ್ಣ ನಕ್ಕು, "ಎಲ್ಲಿಡೋದು? ನೀನೇ ತೆಗೆದುಬಿಡಿ ಅಂದ್ಯಲ್ಲ" ಎಂದ. "ಬೇರೆ ಕಡೆ ಇಡಿ ಅಂದಿದ್ದು ನಂಗೂ ಕೇಳಿಸ್ತಲ್ಲಣ್ಣಾ!" ಎನ್ನುತ್ತಾ ನಾನು ಬಟಾಣಿ ಬಿಟ್ಟು ಎದ್ದೆ. ಮೂವರೂ ನಮ್ಮ ಮನೆಗೆ ಓಡಿದೆವು. ಕಪ್ಪು ಪೆಟ್ಟಿಗೆ ಹಸಿರು ದೀಪ ಹಚ್ಚಿಕೊಂಡು ಕೂತಿತ್ತು. ಅದರೊಳಗೆ ಅಣ್ಣ ಹೇಳಿದ ಹಾಗೆಯೇ ಅಲ್ಲಿದ್ದದ್ದೇ ಇತ್ತು, ಇಲ್ಲದ್ದು ಇರಲಿಲ್ಲ. ಡಬ್ಬಿಗಳಿಲ್ಲದ ಕಾಲದಲ್ಲಾದರೆ ಅಳಿಸಿದ ಸುದ್ದಿ ನಮ್ಮ ಮನೆ ಮುಟ್ಟುವಷ್ಟರಲ್ಲಿ ಸಂಜೆಯಾಗುತ್ತಿತ್ತೋ ಏನೋ. ಈಗ ಪ್ರೆಶರ್ ಚೆನ್ನಾಗಿತ್ತು.

ಉಳಿದದ್ದು ಪೆನ್ಸಿಲಿನ ಕರಡುಗಳು ಮಾತ್ರ. ಅವನ್ನು ಮತ್ತೆ ಅಚ್ಚಿಗೆ ತರಲು ವರ್ಷಗಳೇ ಬೇಕು. ಪ್ರಕಾಶಕರು ಮರುಗಿದರು, ಹಳೆಯ ಅಕ್ಷರದಲ್ಲೇ ಪುಸ್ತಕ ಅಚ್ಚಿಗೆ ಕಳಿಸಿದರು.

ಅಣ್ಣ ಆ ವಾರವೆಲ್ಲ ಡಬ್ಬಿ ಮಾಡಿದ ಕಂಪನಿಯನ್ನು ಬೈದ. ನಡುನಡುವೆ ಅತ್ತಿಗೆಯ ಉಚ್ಚಾರವನ್ನೂ ಬೈದ. ಒಂದು ಮಧ್ಯಾಹ್ನ ನಾನು ಮಹಡಿಗೆ ಹೋದಾಗ ಅತ್ತಿಗೆ ಕರಡುಗಳನ್ನು ಹರಡಿಕೊಂಡು ಮತ್ತೆ 'ಅ'ದಿಂದ ಶುರು ಮಾಡಿದ್ದರು. ಅಣ್ಣ ಬಾಗಿಲಲ್ಲಿ ನಿಂತು, ತದ್ರೂಪಕ್ಕೊಂದು ತದ್ರೂಪ ಇಡುವ ಹೊಸ ಯೋಜನೆ ವಿವರಿಸುತ್ತಿದ್ದ.

"ತಪ್ಪು ಕೇಳಿಸ್ಕೊಂಡ್ರಿ, ಅದು ಯಾರಿಗಾದ್ರೂ ಆಗುತ್ತೆ" ಎಂದರು ಅತ್ತಿಗೆ, ತಲೆ ಎತ್ತದೆ. "ಆದ್ರೆ ನಾನೇ ತೆಗೆದುಬಿಡಿ ಅಂದೆ ಅಂತ ನಂಬಿದ್ರಲ್ಲ. ಯಾಕೆ ಅಂತ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ? ಅಷ್ಟು ವರ್ಷದ ಕೆಲ್ಸ ಅಳಿಸೋವಾಗ ನಿಮಗೆ ಏನನ್ನಿಸ್ತು?"

ನಮ್ಮಣ್ಣನಲ್ಲಿ ಒಂದು ಗುಣವಿದೆ, ಸುಳ್ಳು ಹೇಳಲು ಬರುವುದಿಲ್ಲ.

"ಸದ್ಯ, ಜಾಗ ಆಯ್ತು ಅನ್ನಿಸ್ತು" ಎಂದ.

ಅತ್ತಿಗೆ ಕರಡುಗಳನ್ನು ಒಂದೊಂದಾಗಿ ಜೋಡಿಸಿ ದಾರ ಕಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮ್ಮನೇಲಿ ಒಂದು ಮೇಜು ಹಾಕೋಕೆ ಜಾಗ ಇದ್ಯೇನಮ್ಮಾ?" ಎಂದು ಕೇಳಿದರು.