ಕೊಟ್ರಬಸಮ್ಮ ಶಾಲೆಯಲ್ಲಿ ಕೂತ ದಿನ

"ಸಾಲ್ಯಾಗ ಇವತ್ತೇನು ಕಲ್ತೀ ಅಂತ ಮೊಮ್ಮಗಳ್ನ ಕೇಳಿದ್ರ, ಕಡ್ಡಿ ಕಟ್ಟಿದ್ವಿ, ಹಾಡು ಹಾಡಿದ್ವಿ ಅಂತಾಳ. ಅದಕ್ಕೊಂದು ಸಾಲಿ ಬೇಕೇನ್ಲೇ ಮಂಜಿ?"

ಕಾನಹೊಸಹಳ್ಳಿ ಹತ್ತಿರದ ಹಟ್ಟಿಯ ಕೊಟ್ರಬಸಮ್ಮ ನೀರಿನ ಟ್ಯಾಂಕಿನ ಮುಂದೆ ಕೊಡ ಇಟ್ಟು ಹೀಗೆ ಕೇಳಿದಳು. ಅವಳ ಮಗ ದುರುಗೇಶ್ ಇನ್ನು ನಾಲ್ಕು ದಿನಕ್ಕೆ ಕುರಿ ಹೊಡೆದುಕೊಂಡು ಸಿರುಗುಪ್ಪದ ಭತ್ತದ ಬಯಲಿಗೆ ಹೊರಡುವವನಿದ್ದ. ಹೋದರೆ ಬರುವುದು ಯುಗಾದಿ ಹೊತ್ತಿಗೆ. ಜೊತೆಗೆ ಹೆಂಡತಿ, ತಾಯಿ. ಮೂರನೇ ತರಗತಿಯ ಸೌಭಾಗ್ಯಳೂ ಬರಲಿ, ಮರಿ ನೋಡಿಕೊಳ್ಳಲಿ ಎಂದು ಕೊಟ್ರಬಸಮ್ಮ ಹಟ ಹಿಡಿದಿದ್ದಳು.

ನೆರೆಮನೆಯ ಮಂಜಮ್ಮ ಶಾಲೆಯ ಸಮಿತಿಯ ಸದಸ್ಯೆ. "ನಾಲ್ಕು ತಿಂಗಳು ಬಿಡಿಸಿದ್ರ ಹುಡುಗಿ ಹಿಂದ ಬೀಳ್ತಾಳ ಕೊಟ್ರಕ್ಕ. ಆಮ್ಯಾಲೆ ಸಾಲಿಗೆ ಹೋಗಾಕ ನಾಚಿಕಿ ಪಡ್ತಾಳ. ನಮ್ಮ ಹುಡುಗ ಹುಲುಗಣ್ಣ ಸಾಲಿ ಬಿಟ್ಟಿದ್ದೂ ಹಿಂಗೇ. ನೀನು ಒಂದಿನ ಹೋಗಿ ಕುಂತು ನೋಡು. ಸರಿ ಕಾಣ್ಲಿಲ್ಲ ಅಂದ್ರ ಬಿಡಿಸು."

"ಕುಂದ್ರತೀನಿ ತಗೋ. ನಾನೇನು ಅಂಜ್ತೀನೇನು?"

ಮರುದಿನ ಬೆಳಿಗ್ಗೆ ಕೊಟ್ರಬಸಮ್ಮ ಮೊಮ್ಮಗಳ ಜೊತೆಗೇ ಶಾಲೆಗೆ ಹೋದಳು. ಅಮೃತಾ ಟೀಚರ್ ಚಾಪೆ ಹಾಸಿ, "ಬರ್ರಿ ಅಜ್ಜಿ, ಕುಂದರ್ರಿ. ಗಂಟಿ ಹೊಡಿಯೋವರೆಗೂ ಇರಬೇಕು ನೋಡ್ರಿ" ಎಂದರು.

ಮೊದಲು ಹಾಡಾಯಿತು. ಆಮೇಲೆ ಮಕ್ಕಳು ಗುಂಪುಗುಂಪಾಗಿ ಕೂತರು. ಒಂದು ಗುಂಪು ಕೋಣೆ ಎಷ್ಟು ಹೆಜ್ಜೆ ಉದ್ದ ಇದೆ ಎಂದು ಅಳೆಯಿತು. ಇನ್ನೊಂದು ಚಿತ್ರದ ಕಾರ್ಡು ನೋಡಿ ಪದ ಓದಿತು. ಸೌಭಾಗ್ಯಳ ಗುಂಪು ಜೋಳದ ಕಡ್ಡಿಗಳನ್ನು ಹತ್ತತ್ತು ಎಣಿಸಿ ಕಟ್ಟು ಕಟ್ಟತೊಡಗಿತು.

"ಶುರುವಾತು ಕಡ್ಡಿ ಆಟ" ಎಂದು ಕೊಟ್ರಬಸಮ್ಮ ಗೊಣಗಿದಳು.

ಟೀಚರ್ ನಕ್ಕರು. "ಹಂಗಾದ್ರ ನೀವೇ ಒಂದು ಲೆಕ್ಕ ಕೇಳ್ರಿ ಅಜ್ಜಿ."

ಕೊಟ್ರಬಸಮ್ಮ ಸೆರಗು ಸರಿಮಾಡಿಕೊಂಡು ಕೇಳಿದಳು. "ಐವತ್ತೆರಡು ಕುರಿ ಕೆರಿಗೆ ಹೋದ್ವು. ಮೂವತ್ತೆಂಟು ತಿರುಗಿ ಬಂದ್ವು. ಕೆರಿ ಹತ್ರ ಎಷ್ಟು ಉಳದ್ವು?"

ಸೌಭಾಗ್ಯ ಸ್ಲೇಟಿನ ಮೇಲೆ ಇಪ್ಪತ್ತಾರು ಎಂದು ಬರೆದಳು.

"ತಪ್ಪು! ಎರಡು ಏಟು ಹಾಕ್ರಿ ಟೀಚರಮ್ಮ, ನೆಟ್ಟಗಾಗ್ತಾಳ."

ಹುಡುಗಿ ತಟ್ಟನೆ ಸ್ಲೇಟನ್ನು ಎದೆಗೆ ಒತ್ತಿಕೊಂಡಳು.

"ನೋಡಿದ್ರೇನು ಅಜ್ಜಿ?" ಎಂದರು ಟೀಚರ್ ಮೆಲ್ಲಗೆ. "ಏಟಿನ ಮಾತು ಬಂದಕೂಡ್ಲೆ ಮುಚ್ಚಿಟ್ಲು. ಎಲ್ಲಿ ತಪ್ಪ್ಯಾಳ ಅಂತ ನನಗ ಕಾಣಬೇಕಲ್ಲ? ಕಡ್ಡಿ ಇಟ್ಟು ನೋಡು ಸೌಭಾಗ್ಯ."

ಐದು ಕಟ್ಟು, ಎರಡು ಬಿಡಿ ಕಡ್ಡಿ. "ಎಂಟು ತೆಗೀಬೇಕು. ಎರಡೇ ಅದಾವ" ಎಂದು ಸೌಭಾಗ್ಯ ಕಟ್ಟುಗಳ ಕಡೆ ನೋಡಿದಳು. ಯಾರೂ ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ ಒಂದು ಕಟ್ಟು ಬಿಚ್ಚಿದಳು. ಬಿಡಿ ಕಡ್ಡಿ ಹನ್ನೆರಡಾದವು. ಎಂಟು ತೆಗೆದಳು. ಆಮೇಲೆ ಮೂರು ಕಟ್ಟು ತೆಗೆದಳು.

"ಹದಿನಾಲ್ಕು! ಅಜ್ಜಿ, ಹದಿನಾಲ್ಕು ಕುರಿ! ಮೊದ್ಲು ನಾನು ಎಂಟರಾಗ ಎರಡು ಕಳದಿದ್ದೆ. ತಿರುವುಮುರುವು ಆಗಿತ್ತು."

ಕೊಟ್ರಬಸಮ್ಮ ಬಾಗಿ, ಉಳಿದ ಕಡ್ಡಿಗಳನ್ನು ತಾನೂ ಎಣಿಸಿ ನೋಡಿದಳು. ಈ ಲೆಕ್ಕ ಅವಳಿಗೆ ತಿಳಿದದ್ದು ಎಷ್ಟೋ ವರ್ಷ ಕುರಿ ಹಿಂದೆ ತಿರುಗಿದ ಮೇಲೆ. ಈ ಹುಡುಗಿ ತನ್ನ ತಪ್ಪನ್ನು ತಾನೇ ಹುಡುಕಿ, ತಾನೇ ತಿದ್ದಿಕೊಂಡಿದ್ದಳು.

ಬಿಸಿಯೂಟದ ನಂತರ ಟೀಚರ್ ಕೊಟ್ರಬಸಮ್ಮನನ್ನೇ ಪಾಠ ಹೇಳಲು ಕೂರಿಸಿದರು. ಜಡ್ಡು ಬಂದ ಕುರಿಯನ್ನು ಗುರುತಿಸುವುದು ಹೇಗೆ ಎಂದು ಅವಳು ಹೇಳಿದಳು. ಮಕ್ಕಳು ಬರೆದುಕೊಂಡರು. ಸೌಭಾಗ್ಯ ಎದ್ದು ನಿಂತು ಓದಿದಳು: "ಜಡ್ಡು ಬಂದ ಕುರಿ ಮೇವು ಮೂಸಿ ಬಿಡುತ್ತದೆ. ಅದರ ಕಿವಿ ಜೋತು ಬೀಳುತ್ತದೆ. ಹೀಗೆಂದು ನಮ್ಮ ಅಜ್ಜಿ ಹೇಳಿದಳು."

"ಇದು ನಾ ಹೇಳಿದ್ದೇ ಏನು? ಇನ್ನೊಂದ್ಸಲ ಓದು."

ಮೂರು ಸಲ ಓದಿಸಿದಳು.

ಸಂಜೆ ದುರುಗೇಶ್ ಕಂಬಳಿ ಗಂಟು ಕಟ್ಟುತ್ತಿದ್ದ. ಕೊಟ್ರಬಸಮ್ಮ ಎದುರಿಗೆ ಕೂತು ಹೇಳಿದಳು. "ಈ ಸರ್ತಿ ನೀವಿಬ್ರೂ ಹೋಗಿಬರ್ರಿ. ನಾನೂ ಹುಡುಗೀನೂ ಇಲ್ಲೇ ಇರ್ತೀವಿ."

"ಒಂದು ವರ್ಷಾನೂ ತಪ್ಪಿಸಿಲ್ಲ ನೀನು! ಮರಿ ಯಾರು ನೋಡ್ತಾರಬೇ?"

"ನಮ್ಮ ಹಟ್ಟಿ ಉಜ್ಜಿನಪ್ಪನ ಕುರೀನೂ ನಿಮ್ಮ ಸಂಗಾಟ ಬರ್ತಾವಲ್ಲ, ಇಬ್ರೂ ಕೂಡಿ ನೋಡ್ಕೊಳ್ರಿ. ಮರಿ ಮುಂದಿನ ವರ್ಷಾನೂ ಹುಟ್ತಾವ. ಇಕಿ ಮೂರನೇತ್ತ ಓದೋದು ಒಂದೇ ಸರ್ತಿ."

ಕುರಿ ಹೊರಟ ದಿನ ಕೊಟ್ರಬಸಮ್ಮ ಊರ ಹೊರಗಿನವರೆಗೂ ಹೋಗಿ ಕಳಿಸಿಬಂದಳು. ಕಣ್ಣೊರೆಸಿಕೊಂಡು, ಮೊಮ್ಮಗಳ ತಲೆ ಬಾಚಿ, ಗಂಟೆ ಹೊಡೆಯುವ ಮೊದಲೇ ಶಾಲೆಗೆ ಬಿಟ್ಟಳು.

ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ಅಜ್ಜ, ಅಜ್ಜಿಯರೇ, ನಿಮ್ಮ ಮಗು ಶಾಲೆಯಲ್ಲಿ ಆಡುತ್ತಾ ಕಲಿಯುತ್ತಿದೆ. ನಂಬಿಕೆ ಬಾರದಿದ್ದರೆ ಒಂದು ದಿನ ಹೋಗಿ ಜೊತೆಗೆ ಕೂತು ನೋಡಿ. ಕುರಿ ಹಿಂದೆಯೋ ಕೂಲಿಗೋ ದೂರ ಹೋಗುವುದಿದ್ದರೆ, ಮಗುವನ್ನು ನಂಬಿಕೆಯವರ ಬಳಿ ಊರಲ್ಲೇ ಬಿಡಿ. ಬಿಡುವಂತಿಲ್ಲವೇ? ಹೊರಡುವ ಮೊದಲೇ ಟೀಚರಿಗೆ ತಿಳಿಸಿ, ಹೋದ ಊರಿನ ಶಾಲೆಗೆ ಸೇರಿಸಿ. ಎಲ್ಲೇ ಇರಲಿ, ಮಗು ತರಗತಿಯಲ್ಲಿರಲಿ.