ಅರ್ಧ ಆಟದ ನೀರು

ಭಾನುವಾರ ಮಧ್ಯಾಹ್ನವಾದರೆ ಕಿರಂಗೂರಿನ ಕುಳ್ಳಯ್ಯ ಜಟಕಾ ಕುದುರೆಗಳ ಮೈ ತಿಕ್ಕಿ, ಹುಲ್ಲು ಹಾಕಿ, ಶ್ರೀರಂಗಪಟ್ಟಣದ ಕೋಟೆಯ ಹೊರಗಿನ ಮೈದಾನಕ್ಕೆ ಬಂದುಬಿಡುತ್ತಿದ್ದ. ಮೂವತ್ತು ದಾಟಿದ ಆಳು. ಆದರೂ ಚೆಂಡು ಅವನ ಕಾಲಿಗೆ ಸಿಕ್ಕಿತೆಂದರೆ ಹಿಡಿಯುವವರು ಆ ಸೀಮೆಯಲ್ಲೇ ಇರಲಿಲ್ಲ.

ಆಟ ಕಲಿತದ್ದು ಜರ್ಮನಿಯ ಯುದ್ಧದಲ್ಲಿ. ಮೈಸೂರಿನ ಕುದುರೆಪಡೆ ಹಡಗು ಹತ್ತಿದಾಗ ಕುದುರೆ ನೋಡಿಕೊಳ್ಳುವ ಆಳಾಗಿ ಅವನೂ ಹೋಗಿದ್ದ. ಈಜಿಪ್ಟಿನ ಮರಳಿನ ಮೇಲೆ ಬಿಳಿ ಸಿಪಾಯಿಗಳು ಫುಟ್‌ಬಾಲ್ ಆಡುವಾಗ ಒಬ್ಬ ಕಡಿಮೆ ಬಿದ್ದರೆ ಇವನನ್ನು ಕರೆಯುತ್ತಿದ್ದರು. ಪ್ಯಾಲೆಸ್ತೀನಿನಲ್ಲಿ ಗುಂಡು ಹಾರುತ್ತಿರುವಾಗಲೇ ಗಾಯಗೊಂಡ ಸವಾರರನ್ನು ಹೊತ್ತು ತಂದು ತನ್ನ ಬಾಟಲಿಯ ನೀರು ಕುಡಿಸಿದ್ದ. ಯಾರೂ ಜಾತಿ ಕೇಳಿರಲಿಲ್ಲ. ಊರಿಗೆ ಮರಳಿದಾಗ ಎದೆಯ ಮೇಲೊಂದು ಪದಕವಿತ್ತು. ಊರಾಚೆಯ ಕೇರಿಯವನಿಗೆ ಊರ ಬಾವಿ ಮಾತ್ರ ಮೊದಲಿನಷ್ಟೇ ದೂರವಿತ್ತು.

ಪಟ್ಟಣದ ತಂಡ ಕಟ್ಟಿದವನು ದೊಡ್ಡ ಒಕ್ಕಲು ಮನೆತನದ ಹೊನ್ನಪ್ಪನವರ ಮಗ ನಂಜಪ್ಪ. ಗೆಲ್ಲುವ ಆಸೆಗೆ ಕುಳ್ಳಯ್ಯನನ್ನು ಸೇರಿಸಿಕೊಂಡಿದ್ದ. ಜೊತೆಯಲ್ಲಿ ಆಡಲು ಅಡ್ಡಿ ಇರಲಿಲ್ಲ. ನೀರಿನ ಹೊತ್ತಿಗೆ ಉಳಿದವರು ಲೋಟದಲ್ಲಿ ಕುಡಿದರೆ, ಅವನ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಎರಡು ವರ್ಷ ಅವನು ಬಗ್ಗಿ ಕುಡಿದ.

೧೯೨೬ರ ಮಾಗಿಯಲ್ಲಿ, ಈಗ ಪಾಂಡವಪುರವೆನ್ನುವ ಹಿರೋಡೆಯ ತಂಡದ ಜೊತೆ ಪಂದ್ಯ. ಹೊನ್ನಪ್ಪನವರು ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅರ್ಧ ಆಟಕ್ಕೆ ಸೀಟಿ ಊದಿದಾಗ ಪಟ್ಟಣದವರು ಒಂದು ಗೋಲು ಮುಂದಿದ್ದರು, ಹೊಡೆದವನು ಕುಳ್ಳಯ್ಯ. ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಆಗಲೇ ಜೊತೆಯ ಆಟಗಾರ ಚಲುವಯ್ಯ ಚೊಂಬು ಎತ್ತಿ ಹಿಡಿದು, ಬಗ್ಗು ಎಂದ.

ಕುಳ್ಳಯ್ಯ ಬಗ್ಗಲಿಲ್ಲ. "ಲೋಟ ಕೊಡು" ಎಂದ.

ನಂಜಪ್ಪ ಅವನನ್ನು ಪಕ್ಕಕ್ಕೆ ಕರೆದ. "ನಮ್ಮಪ್ಪ ನೋಡ್ತಾ ಕೂತವ್ರೆ ಕಣ್ಲಾ. ಇವತ್ತೊಂದಿನ ತಡ್ಕೊ."

"ಎಲ್ಡು ವರ್ಸ ತಡ್ಕಂಡಿವ್ನಿ ನಂಜಪ್ಪ. ಗುಂಡೇಟು ತಿಂದೋರು ನನ್ನ ಬಾಟ್ಲಿಗೆ ಬಾಯಿಟ್ಟು ಕುಡುದ್ರು. ಯಾರ ಜಾತೀನೂ ಕೆಡ್ಲಿಲ್ಲ." ಒಡೆಯರನ್ನು ಕರೆಯುವಂತೆ 'ಬುದ್ಧಿ' ಎನ್ನದೆ ಕುಳ್ಳಯ್ಯ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹೊನ್ನಪ್ಪನವರು ಎದ್ದು ಬಂದರು. ಕೆಟ್ಟವರೇನಲ್ಲ, ಕೇರಿಯಲ್ಲಿ ಜ್ವರ ಬಂದಾಗ ಔಷಧಿ ಕಳಿಸಿದವರು. ಆಟಕ್ಕೆ ಸೇರಿಸಿದ್ದೇ ಹೆಚ್ಚು, ಹಿರಿಯರು ಹಾಕಿದ ಗೆರೆಯನ್ನು ತಾವೇ ಅಳಿಸಿದರೆ ನಾಳೆ ತಮ್ಮ ಮನೆಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ನಿಧಾನವಾಗಿಯೇ ಕೇಳಿದರು.

ಕುಳ್ಳಯ್ಯ ಪೂರ್ತಿ ಕೇಳಿಸಿಕೊಂಡ. ಆಮೇಲೆ ಜನರ ನಡುವೆಯೇ ನಡೆದು ಮೈದಾನದಾಚೆ ಕಾವೇರಿಯ ಮೆಟ್ಟಿಲಿಗೆ ಹೋದ. ಅದು ಮೇಲುಜಾತಿಯವರು ಮೀಯುವ ಜಾಗ. ಹಿಂದೊಮ್ಮೆ ಅಲ್ಲಿ ಕಾಲಿಟ್ಟ ಕೇರಿಯ ನರಸಯ್ಯನ ಬೆನ್ನಿಗೆ ಬಾರುಕೋಲು ಬಿದ್ದಿತ್ತು. ಅದು ಕುಳ್ಳಯ್ಯನಿಗೆ ಚೆನ್ನಾಗಿ ನೆನಪಿತ್ತು. ಆದರೂ ಮೊಣಕಾಲುದ್ದ ನೀರಿಗಿಳಿದು, ಎಲ್ಲರ ಎದುರಿಗೇ ಬೊಗಸೆ ತುಂಬಿ ಕುಡಿದ. ಸಾಲದೆಂಬಂತೆ ಮತ್ತೆ ತುಂಬಿಕೊಂಡು ಕುಡಿದ.

ಅವನನ್ನು ಎಳೆದು ತನ್ನಿ ಎಂದರು ಯಾರೋ. ಇಬ್ಬರು ದೊಣ್ಣೆ ಹಿಡಿದು ಹೊರಟರು. ಅವರಿಗಿಂತ ಮೊದಲೇ ನಂಜಪ್ಪ ಓಡಿ ಇಳಿದ. ಅಪ್ಪ ಕರೆದರೂ ತಿರುಗಲಿಲ್ಲ. ಕುಳ್ಳಯ್ಯನಿಗಿಂತ ಒಂದು ಮಾರು ಕೆಳಗೆ ನಿಂತು, ಅವನ ಕಾಲು ತೊಳೆದು ಹರಿದುಬರುತ್ತಿದ್ದ ನೀರನ್ನು ಬಗ್ಗಿ ಬೊಗಸೆಯಲ್ಲಿ ತುಂಬಿಕೊಂಡು ಕುಡಿದ.

ದೊಣ್ಣೆಯವರು ಮೆಟ್ಟಿಲ ಮೇಲೆಯೇ ನಿಂತುಬಿಟ್ಟರು.

ಕುಳ್ಳಯ್ಯ ಬಾಯಿ ಒರೆಸಿಕೊಂಡು, "ನಡಿ, ಹೊತ್ತಾಯ್ತದೆ" ಎಂದ.

ಚಲುವಯ್ಯನೂ ಇನ್ನೊಬ್ಬನೂ ಅಂಗಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು. ಹೊನ್ನಪ್ಪನವರ ಕುರ್ಚಿ ಖಾಲಿಯಾಯಿತು. ಪಟ್ಟಣದ ಕಡೆ ಉಳಿದವರು ಒಂಬತ್ತೇ ಜನ. ಹಿರೋಡೆಯವರು ಒಂದರ ಮೇಲೊಂದು ಮೂರು ಗೋಲು ಹೊಡೆದರು. ಕೊನೆಯ ಸೀಟಿ ಊದುವವರೆಗೂ ಆ ಒಂಬತ್ತು ಜನರಲ್ಲಿ ಒಬ್ಬನೂ ಮೈದಾನ ಬಿಡಲಿಲ್ಲ.