ಗಗನ ಒದ್ದ ಪಿರ್ರೆ

ನಮ್ಮ ಕಡೆ ಸೊಂಟ ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರ ಕೈಲಿ ಒದೆಸುತ್ತಾರೆ. ನಮ್ಮ ಮನೆಯಲ್ಲಿ ಹಾಗೆ ಹುಟ್ಟಿದವಳು ನನ್ನ ಮೈದುನನ ಹೆಂಡತಿ ಗಗನ. ನನ್ನ ಎಡಪಿರ್ರೆಯ ಆಳದಲ್ಲಿ ನೋವು ಕೂತು, ಮೀನಖಂಡದವರೆಗೂ ಜೋಮು ಇಳಿಯುತ್ತಿದ್ದಾಗ ಅತ್ತೆ ದೇವಿರಮ್ಮ ಅವಳನ್ನೇ ಕರೆದರು.

"ಮೂರ್ ಸಲ ಮೆಲ್ಲುಗ್ ಒದಿಯವ್ವ, ಬುಟ್ಟೋಯ್ತದೆ."

ಮೊದಲೆರಡು ಮೆಲ್ಲಗೇ ಬಿದ್ದವು. ಮೂರನೆಯದನ್ನು ಆ ಪುಣ್ಯಾತ್ಗಿತ್ತಿ ಜಾಡಿಸಿ ಒದ್ದಳು. ನಾನು ಹೊಸಿಲ ಮೇಲೆ ಬೋರಲು ಬಿದ್ದೆ. ಅವಳು ವೇಲು ಬಾಯಿಗಿಟ್ಟುಕೊಂಡು ನಕ್ಕಳು.

ಅದನ್ನೂ ಸಹಿಸುತ್ತಿದ್ದೆ. ಆದರೆ ನಾನು ಹಾಸಿಗೆ ಹಿಡಿದ ವಾರದಲ್ಲೇ ಅವಳು, ನಾನು ಹೊಲಿಯುತ್ತಿದ್ದ ಸೋಮನಹಳ್ಳಿಯ ಗಾರ್ಮೆಂಟ್ಸಿಗೆ ಹೋಗಿ, ಸೂಪರ್‌ವೈಸರ್ ಸಿದ್ದೇಶನಿಗೆ "ಅಕ್ಕ ಇನ್ ಬರಾಕಿಲ್ಲ ಸಾರ್" ಅಂತ ಹೇಳಿ, ನನ್ನ ಮಿಷನ್ ಮುಂದೆ ಕೂತುಬಿಟ್ಟಳು. ಹೆಲ್ಪರ್ ಆಗಿ ಸೇರಿ, ದಾರ ಕತ್ತರಿಸುತ್ತ ನಿಂತು ನಿಂತು ನಾನು ಗಿಟ್ಟಿಸಿಕೊಂಡ ಜಾಗ ಅದು! ಅವಳಿಗೆ ಹೊಲಿಗೆ ಕಲಿಸಿದವಳೂ ನಾನೇ!

ಮಂಡ್ಯದ ಗುತ್ತಲಿನಲ್ಲಿ ಫಿಸಿಯೋಥೆರಪಿ ಮಾಡುವ ಮಾಹೀನ್ ಹತ್ತಿರ ಹೋದೆ. ಒದೆಸಿಕೊಂಡ ಕತೆ ಕೇಳಿ ಹಣೆ ಚಚ್ಚಿಕೊಂಡಳು.

"ಒಳಗಡೆ ಒಂದು ಮಾಂಸಖಂಡ ಬಿಗಿದು ನರ ಅದುಮ್ತಿದೆ ಅಕ್ಕ. ಮೊದ್ಲು ಎಳೆದು ಸಡಿಲ ಮಾಡ್ಬೇಕು, ಆಮೇಲೆ ಗಟ್ಟಿ ಮಾಡ್ಬೇಕು. ದಿನಾ ಮಾಡ್ತೀರ?"

"ಸಾಯೋಗಂಟ ಮಾಡ್ತೀನಿ, ನೀನ್ ಏಳ್ಕೊಡು ಕಣಮ್ಮ" ಅಂದೆ.

ಪಡಸಾಲೆಯಲ್ಲೇ ಚಾಪೆ ಹಾಸಿದೆ. ಅಂಗಾತ ಮಲಗಿ, ಎಡಪಾದ ಬಲಮಂಡಿಯ ಮೇಲಿಟ್ಟು, ಬಲತೊಡೆಯನ್ನು ಎದೆಗೆ ಎಳೆದುಕೊಳ್ಳುವುದು. ನೋವು ಸಡಿಲವಾದ ಮೇಲೆ ಮಂಡಿ ಮಡಚಿ, ಪಾದ ಊರಿ, ಸೊಂಟ ಎತ್ತಿ ಪಿರ್ರೆ ಬಿಗಿಹಿಡಿಯುವುದು. ಎತ್ತುವಾಗ "ಗಗನ", ಇಳಿಸುವಾಗ "ನಿನ್ ಮನೆ ಆಳಾಗ". ಅವಳ ಮನೆ ನನ್ನ ಮನೆಯೂ ಹೌದು ಅನ್ನುವುದೇ ಮರೆತುಹೋಗಿತ್ತು.

ಅವಳು ಕೆಲಸಕ್ಕೆ ಹೊರಡುವಾಗ ನನ್ನನ್ನು ದಾಟಿಕೊಂಡೇ ಹೋಗುತ್ತಿದ್ದಳು.

"ಏನಕ್ಕ, ತೊಟ್ಲಲ್ಲಿ ಮಗಾ ಆಡುಸ್ದಂಗೆ ಕಾಲ್ ಆಡುಸ್ತಿದ್ದೀಯ?"

ಆಡಿಕೋ, ಆಡಿಕೋ ಅಂದುಕೊಂಡೆ. ಅವಳ ಒಂದೊಂದು ಮಾತಿಗೂ ಇನ್ನೊಂದು ಸಲ ಸೊಂಟ ಎತ್ತಿದೆ.

ಜೋಮು ಬಿಟ್ಟ ಮೇಲೆ ಫ್ಯಾಕ್ಟರಿಗೆ ಹೋಗಿ ನನ್ನ ಜಾಗ ಕೇಳಿದೆ. ಸಿದ್ದೇಶ್ ಮುಖ ಹುಳ್ಳಗೆ ಮಾಡಿಕೊಂಡು, ಆ ಒಂದು ದಿನಕ್ಕೆ ಗಗನಳನ್ನು ಎಬ್ಬಿಸಿದ.

"ಸಂಜೆಗಂಟ ಕೂತು ಟಾರ್ಗೆಟ್ ಮುಗ್ಸು ನೋಡಾನ. ಮುಗ್ಸಿದ್ರೆ ಮಿಷನ್ ನಿಂದು. ಇಲ್ದಿದ್ರೆ ಮನೆ ದಾರಿ ಇಡ್ಕೊ."

"ಮದ್ಯಾನಕ್ಕೇ ಅಂಡ್ ಇಡ್ಕಂಡ್ ಎದ್ದೋಯ್ತಾಳೆ, ನೋಡ್ತಿರಿ" ಅಂತ ಗಗನ ಪಕ್ಕದವರಿಗೆ ಹೇಳಿದಳು. ನನಗೆ ಕೇಳಿಸಲಿ ಎಂದೇ ಹೇಳಿದಳು.

ಮಧ್ಯಾಹ್ನ ಪಿರ್ರೆ ನಿಜಕ್ಕೂ ಕಚ್ಚಿತು. ನಾಚಿಕೆ ಬಿಟ್ಟು, ಕೂತಲ್ಲೇ ಎಡಪಾದವನ್ನು ಬಲಮಂಡಿಗೇರಿಸಿ ಮುಂದಕ್ಕೆ ಬಾಗಿದೆ. ಇಡೀ ಲೈನು ಕಿಸಕ್ಕನೆ ನಕ್ಕಿತು. ನಗಲಿ, ಕಚ್ಚಿದ್ದು ಬಿಟ್ಟಿತಲ್ಲ! ಮತ್ತೆ ಶರ್ಟಿನ ಕಾಲರು ಹೊಲಿದೆ. ಬೆಲ್ಲು ಹೊಡೆಯುವ ಮೊದಲೇ ಟಾರ್ಗೆಟ್ಟಿನ ಕೊನೆಯ ಕಾಲರನ್ನು ಸಿದ್ದೇಶನ ಮುಂದೆ ಎಸೆದೆ.

ಮಾರನೆಯ ದಿನ ಅವನು ಗಗನಳ ಕೈಗೆ ಕತ್ತರಿ ಕೊಟ್ಟು ದಾರ ಕತ್ತರಿಸಲು ನಿಲ್ಲಿಸಿದ. ಅವಳು ನನ್ನ ಕಡೆ ನೋಡಿದಾಗ ನಾನು ಹಲ್ಲು ಕಾಣುವ ಹಾಗೆ ನಕ್ಕೆ.

ಸಂಜೆ ಮದ್ದೂರಿನ ಬಸ್ಸು ತುಂಬಿತ್ತು. ನನಗೆ ಸೀಟು ಸಿಕ್ಕಿತು. ಗಗನ ಕಂಬಿ ಹಿಡಿದು, ಒಂದು ಕಾಲಿಂದ ಇನ್ನೊಂದಕ್ಕೆ ಭಾರ ಹಾಕುತ್ತ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದಳು.

"ಅಕ್ಕ, ಒಸಿ ಜರುಗು. ಕಾಲು ಬಿದ್ದೋಯ್ತಾವೆ."

ಪಕ್ಕದಲ್ಲಿ ಅರ್ಧ ಸೀಟಿನಷ್ಟು ಜಾಗವಿತ್ತು. ಊಟದ ಬ್ಯಾಗನ್ನು ಅಲ್ಲಿಟ್ಟು ಇನ್ನಷ್ಟು ಅಗಲವಾಗಿ ಕೂತೆ.

"ನಿಂತ್ಕೊ ಕಣಮ್ಮಿ. ನಿಂತಿದ್ರೆ ಅಂಡ್‌ಗೆ ಒಳ್ಳೇದಂತೆ."